ಮಾಲ್ಟಾದಲ್ಲಿ ಗಟ್ಟಿಯಾಗಿ ಓದಿದವರು

ಮಾಲ್ಟೀಸ್ ಭಾಷೆಯಲ್ಲಿ ಇದುವರೆಗೆ ಸಿಕ್ಕಿರುವ ಅತಿ ಹಳೆಯ ಕವಿತೆ ಇದ್ದದ್ದು ಒಬ್ಬ ನೋಟರಿಯ ದಫ್ತರದಲ್ಲಿ. ಹದಿನಾರನೆಯ ಶತಮಾನದ ಬ್ರಾಂದಾನೊ ಎಂಬ ಆ ನೋಟರಿ, ಊರವರ ಕ್ರಯ ಕರಾರುಗಳನ್ನು ಬರೆಯುವ ಪುಸ್ತಕದಲ್ಲೇ ತನ್ನ ಮನೆತನದ ಹಿರಿಯ ಪಿಯೆತ್ರು ಕಶಾರೊ ಕಟ್ಟಿದ ಇಪ್ಪತ್ತು ಸಾಲುಗಳನ್ನೂ ನಕಲು ಮಾಡಿಟ್ಟ. ಪಿಯೆತ್ರು ತೀರಿಕೊಂಡದ್ದು 1485ರಲ್ಲಿ. ಆ ಸಾಲುಗಳು ಮತ್ತೆ ಕಣ್ಣಿಗೆ ಬಿದ್ದದ್ದು 1966ರಲ್ಲಿ, ಇತಿಹಾಸಕಾರ ಗಾಡ್‌ಫ್ರೀ ವೆಟ್ಟಿಂಗರ್ ಮತ್ತು ಪಾದ್ರಿ ಮಿಕೀಲ್ ಫ್ಸದ್ನಿ ಹಳೆಯ ಕಡತ ತಿರುವುತ್ತಿದ್ದಾಗ. 1968ರಲ್ಲಿ ಅಚ್ಚಾಯಿತು. ಕಟ್ಟಿದ ಮನೆ ಕುಸಿದವನೊಬ್ಬನ ಗೋಳು ಅದು: ಬಂಡೆ ಸಿಗಬೇಕಿದ್ದ ಕಡೆ ಜೇಡಿಮಣ್ಣು ಸಿಕ್ಕಿತು ಎಂಬ ದೂರು. ಅದಕ್ಕೆ ಅಂಟಿಕೊಂಡ ಹೆಸರು 'ಕಾಂತಿಲೇನಾ', ಅಂದರೆ ಹಾಡು.

ನೋಟರಿಗೆ ಆ ಹೊತ್ತಿಗೆ ಆ ಉಮೇದು ಬಾರದೇ ಹೋಗಿದ್ದರೆ? ಹದಿನೈದನೆಯ ಶತಮಾನದ ಮಾಲ್ಟೀಸ್ ಕಾವ್ಯ ಎಂದು ತೋರಿಸಲು ಏನೂ ಇರುತ್ತಿರಲಿಲ್ಲ. ಕಚೇರಿಯ ಬರಹ ಲ್ಯಾಟಿನ್, ಸಿಸಿಲಿಯನ್, ಆಮೇಲೆ ಇಟಾಲಿಯನ್. ಮಾಲ್ಟೀಸ್ ಮನೆಯದು, ಹೊಲದ್ದು, ದೋಣಿಯದು. ಬೇರು ಅರಬ್ಬಿಯದು, ಕೊಂಬೆಗಳಲ್ಲಿ ಸಿಸಿಲಿಯನ್, ಇಟಾಲಿಯನ್ ಪದಗಳು, ಲಿಪಿ ರೋಮನ್. ಇಂಥ ಭಾಷೆಯ ಸಾಹಿತ್ಯದ ಇತಿಹಾಸವನ್ನು ಗ್ರಂಥಗಳ ಪಟ್ಟಿಯಾಗಿ ಬರೆದರೆ ಅರ್ಧ ಕತೆ ಬಿಟ್ಟುಹೋಗುತ್ತದೆ. ಯಾರು, ಎಲ್ಲಿ ನಿಂತು, ಯಾರ ಮುಂದೆ ಗಟ್ಟಿಯಾಗಿ ಓದಿದರು ಎಂದು ಕೇಳಬೇಕು. ನಾನು ಆಕಾಶವಾಣಿಯಲ್ಲಿ ಉದ್ಘೋಷಕಿಯಾಗಿದ್ದವಳು, ಈಗ ನರ್ಸ್ ಆಗಿರುವ ಮಗಳ ಜೊತೆ ಮಾಲ್ಟಾದಲ್ಲಿದ್ದೇನೆ. ಹಾಗಾಗಿ ಈ ಪ್ರಶ್ನೆ ನನಗೆ ತಾನಾಗಿಯೇ ಬಂತು.

ಓದಲು ಸುಲಭದ ಭಾಷೆಯೇನೂ ಅಲ್ಲ. ವಿಮಾನ ನಿಲ್ದಾಣದ ಪಕ್ಕದ ಲುಕಾ ಎಂಬ ಊರಿನ ಹೆಸರನ್ನು ನಾವು ಬೋರ್ಡು ನೋಡಿ ಸಲೀಸಾಗಿ ಓದಿಬಿಡುತ್ತೇವೆ. ಅಲ್ಲಿಯವರು ನಡುವಿನ ಆ 'ಕ'ವನ್ನು ಉಚ್ಚರಿಸುವುದೇ ಇಲ್ಲ, ಗಂಟಲಲ್ಲಿ ಉಸಿರನ್ನು ಚಕ್ಕನೆ ತಡೆದು ಬಿಡುತ್ತಾರೆ, ಅಷ್ಟೆ. ಮೈಕಿನ ಮುಂದೆ ಅದು ಕೇಳಿಸಬೇಕು, ಬಿಕ್ಕಳಿಕೆಯ ಹಾಗೆ ಮಾತ್ರ ಕೇಳಿಸಬಾರದು.

ಅದೇ ಲುಕಾದಲ್ಲಿ 1883ರ ಕ್ರಿಸ್‌ಮಸ್‌ ರಾತ್ರಿ ಜಾರ್ಜ್ ಸಪಿಯಾನೊ ಎಂಬ ಹುಡುಗ ಇಗರ್ಜಿಯಲ್ಲಿ ಪ್ರವಚನ ಹೇಳಿದ. ಹುಡುಗರ ಪ್ರವಚನದ ಬಗ್ಗೆ ಇರುವ ಮೊದಲ ದಾಖಲೆ ಅದು. ಅಲ್ಲಿಂದ ಊರೂರಿಗೆ ಹಬ್ಬಿತು, ಇಂದಿಗೂ ನಡೆಯುತ್ತದೆ. ಏಳರಿಂದ ಹತ್ತು ವರ್ಷದ ಮಗು, ಪೂಜೆಗೆ ನೆರವಾಗುವ ಹುಡುಗರು ತೊಡುವ ಉದ್ದ ನಿಲುವಂಗಿ, ಮೇಲೆ ಬಿಳಿಯ ಕಿರು ಅಂಗಿ. ಮಾತು ದೊಡ್ಡವರು ಬರೆದುಕೊಟ್ಟದ್ದು. ವಾರಗಟ್ಟಲೆ ಬಾಯಿಪಾಠ ಮಾಡಿಸುತ್ತಾರೆ: ಎಲ್ಲಿ ಕೈ ಎತ್ತಬೇಕು, ಎಲ್ಲಿ ಗೋದಲಿಯ ಕಡೆ ತಿರುಗಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು. ನಮ್ಮ ಕೆಳಮನೆಯ ಅಜ್ಜಿಯ ಅಣ್ಣ ಹೀಗೆ ಹೇಳಿದವನಂತೆ. ಡಿಸೆಂಬರ್ ಪೂರ್ತಿ ಅವನು ಅಡುಗೆಮನೆಯಲ್ಲಿ ಕುರ್ಚಿ ಹತ್ತಿ ಅಭ್ಯಾಸ ಮಾಡಿ, ಕೊನೆಗೆ ಮನೆಮಂದಿಗೆಲ್ಲ ಆ ಪ್ರವಚನ ಕಂಠಪಾಠವಾಗಿ ಹೋಗಿತ್ತು. ಇಗರ್ಜಿಯಲ್ಲಿ ಅವನು ಒಂದು ವಾಕ್ಯ ಹಾರಿಸಿದಾಗ ಮೂರನೇ ಸಾಲಿನಲ್ಲಿ ಕೂತಿದ್ದ ಅವರಮ್ಮನ ತುಟಿ ಆ ವಾಕ್ಯವನ್ನೇ ಹೇಳುತ್ತಿತ್ತಂತೆ. ಈಗ ಹುಡುಗಿಯರೂ ಹೇಳುತ್ತಾರೆ. ವಿದ್ವಾಂಸರು ಇದನ್ನು ಸಾಹಿತ್ಯಚರಿತ್ರೆಯಲ್ಲಿ ಸೇರಿಸುತ್ತಾರೋ ಬಿಡುತ್ತಾರೋ, ನಾನಂತೂ ಸೇರಿಸುತ್ತೇನೆ. ಅಚ್ಚುಕಟ್ಟಾದ ಮಾಲ್ಟೀಸ್ ಗದ್ಯವನ್ನು ತುಂಬಿದ ಸಭೆ ಮಿಸುಕಾಡದೆ ಕೇಳಿದ ಜಾಗ ಅದು.

ಇಗರ್ಜಿಯಲ್ಲೂ ಎಲ್ಲ ಸಲೀಸಾಗಿರಲಿಲ್ಲ. 1907ರಲ್ಲಿ ಜೋರ್ಜ್ ಪ್ರೆಕಾ ಎಂಬ ಪಾದ್ರಿ ಹಡಗುಕಟ್ಟೆಯ ಕೆಲಸಗಾರರಂಥ ಸಾಮಾನ್ಯರನ್ನು ಕೂಡಿಸಿ, ಅವರ ಮಾತಿನಲ್ಲೇ ಧರ್ಮಪಾಠ ಹೇಳತೊಡಗಿದಾಗ ಮೇಲಿನವರಿಗೆ ಅನುಮಾನ ಬಂತು. 1909ರಲ್ಲಿ ಮುಚ್ಚಿ ಎಂಬ ಆಜ್ಞೆ ಬಂತು, ಆಮೇಲೆ ಹಿಂತೆಗೆದುಕೊಂಡರು. 2007ರಲ್ಲಿ ಅದೇ ಪ್ರೆಕಾ ಸಂತರಾದರು.

ಕಾದಂಬರಿ ಬಂದದ್ದು ತಡವಾಗಿ. ಆಂಟನ್ ಮಾನ್ವೆಲ್ ಕರುವಾನಾ ಬರೆದ 'ಇನೆಜ್ ಫರ್ರೂಜ್' 1889ರದ್ದು, ಅದನ್ನೇ ಮೊದಲ ಮಾಲ್ಟೀಸ್ ಕಾದಂಬರಿ ಎನ್ನುತ್ತಾರೆ. ಅದರ ಆಸುಪಾಸಿನಲ್ಲಿ ಕಂತುಕಂತಾಗಿ ಅಗ್ಗದ ಕತೆಗಳೂ ಮಾರಾಟಕ್ಕೆ ಬಂದವು. ಅಕ್ಷರ ಬಲ್ಲ ಒಬ್ಬರು ಓದುವುದು, ಉಳಿದವರು ಕೈಕೆಲಸ ಮಾಡುತ್ತ ಕೇಳುವುದು. ಕೆಳಮನೆಯ ಅಜ್ಜಿಯ ಹೆತ್ತವರ ಕಡೆಯ ಹೆಂಗಸರು ಗೋಝೊ ದ್ವೀಪದವರು, ಲೇಸು ಹೆಣೆಯುವವರು. ದಿಂಬಿನ ಮೇಲೆ ಮರದ ಕಡ್ಡಿಗಳು ಟಕಟಕ ಆಡುತ್ತಿದ್ದವು, ಕತೆಯಲ್ಲಿ ಯಾರಾದರೂ ಸಾಯುವ ಜಾಗ ಬಂದರೆ ಅವೂ ನಿಲ್ಲುತ್ತಿದ್ದವು ಎಂದು ಅಜ್ಜಿ ಹೇಳುತ್ತಾರೆ.

ಕವಿಗಳ ಮಾತಿಗೆ ಬಂದರೆ ದುನ್ ಕಾರ್ಮ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಪಾದ್ರಿಯಾಗಿದ್ದ ಅವರು ನಲವತ್ತರ ತನಕ ಇಟಾಲಿಯನ್ನಿನಲ್ಲೇ ಬರೆದವರು. 1912ರಲ್ಲಿ, ಜುಝೆ ಮುಸ್ಕಾತ್ ಅಝ್ಝೋಪಾರ್ದಿ ಅವರ ಒತ್ತಾಸೆಯಿಂದ, ಮೊದಲ ಮಾಲ್ಟೀಸ್ ಕವಿತೆ ಪ್ರಕಟಿಸಿದರು. ಹತ್ತು ವರ್ಷ ಕಳೆದು ಶಾಲೆಯ ಮಕ್ಕಳು ಹೇಳಿಕೊಳ್ಳಲು ಒಂದು ಪದ್ಯ ಬೇಕಾಯಿತು. ರಾಗ ಮೊದಲೇ ಸಿದ್ಧವಿತ್ತು, ರೊಬರ್ಟ್ ಸಾಮುತ್ ಅವರದ್ದು. ಆ ಅಳತೆಗೆ ದುನ್ ಕಾರ್ಮ್ ಮಾತು ಕೂರಿಸಿದರು. ಅದೇ ಈಗ ರಾಷ್ಟ್ರಗೀತೆ. 1945ರ ಮಾರ್ಚಿಯಲ್ಲಿ ಗ್ಝೀರಾದ ಮೈದಾನದಲ್ಲಿ ಯುಗೊಸ್ಲಾವಿಯಾದ ಫುಟ್‌ಬಾಲ್ ತಂಡದೊಂದಿಗೆ ಪಂದ್ಯವಿತ್ತು. ದ್ವೀಪ ಬ್ರಿಟಿಷರ ಕೈಯಲ್ಲಿದ್ದ ಕಾಲ. ಪ್ರೇಕ್ಷಕರು ತಾವಾಗಿ ಎದ್ದು ಈ ಪದ್ಯವನ್ನು ಹಾಡಿಬಿಟ್ಟರು. ಚರ್ಮವೈದ್ಯರಾಗಿದ್ದ ಕವಿ ರುಝಾರ್ ಬ್ರಿಫ್ಫಾ ಆ ಘಟನೆಯ ಮೇಲೆ ಬರೆದ ಕವಿತೆಯನ್ನು ಇಲ್ಲಿ ಶಾಲೆ ಕಲಿತ ಯಾರಾದರೂ ಬಲ್ಲರು. ಹಾಡಿದ ಕವಿತೆಯೊಂದು ಮತ್ತೊಂದು ಕವಿತೆ ಹುಟ್ಟಿಸಿದ್ದು ಹೀಗೆ.

ಈ ನಡುವೆ ಬರಹವೂ ಒಂದು ಹದಕ್ಕೆ ಬಂದಿತ್ತು. 1920ರಲ್ಲಿ ಲೇಖಕರು ಸಂಘ ಕಟ್ಟಿಕೊಂಡು, 1924ರಲ್ಲಿ ಅಕ್ಷರ, ವ್ಯಾಕರಣದ ನಿಯಮ ಹೊರತಂದರು. 1934ರಲ್ಲಿ ಸರಕಾರ ಅದನ್ನು ಒಪ್ಪಿತು, ಭಾಷೆಗೆ ಅಧಿಕೃತ ಸ್ಥಾನವೂ ಅದೇ ವರ್ಷ ದಕ್ಕಿತು. ಅಲ್ಲಿಯವರೆಗೆ ಕೋರ್ಟಿನಲ್ಲಿ ವಾದ ನಡೆಯುತ್ತಿದ್ದದ್ದು ಇಟಾಲಿಯನ್ನಿನಲ್ಲಿ. ತನ್ನ ಮೇಲೆ ಏನು ಆರೋಪವೆಂದು ಕಟಕಟೆಯಲ್ಲಿ ನಿಂತವನಿಗೇ ಅರ್ಥವಾಗದ ಸ್ಥಿತಿ.

ಮರುವರ್ಷ, 1935ರಲ್ಲಿ, ರೀಡಿಫ್ಯೂಷನ್ ಬಂತು. ನನ್ನ ಕಸುಬಿನ ಕಾರಣಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ವಿಚಾರಿಸಿದ್ದು ಇದನ್ನೇ. ಇದು ಗಾಳಿಯಲ್ಲಿ ಬರುವ ರೇಡಿಯೋ ಅಲ್ಲ, ತಂತಿಯಲ್ಲಿ ಮನೆಗೆ ಬರುವುದು. ಗೋಡೆಯ ಮೇಲೊಂದು ಪೆಟ್ಟಿಗೆ, ಎರಡು ವಾಹಿನಿ ಆರಿಸಿಕೊಳ್ಳಲು ಒಂದು ಗುಂಡಿ, ತಿಂಗಳ ಬಾಡಿಗೆ. ಹೊರಗಿನ ಯಾವ ನಿಲಯವೂ ಅದರಲ್ಲಿ ಸಿಗುವಂತಿಲ್ಲ. ಬ್ರಿಟಿಷರಿಗೆ ಬೇಕಿದ್ದದ್ದೂ ಅದೇ, ಇಟಲಿಯ ಪ್ರಚಾರ ಜನರ ಕಿವಿಗೆ ಬೀಳಬಾರದಿತ್ತು. ಯುದ್ಧಕಾಲದಲ್ಲಿ ವಿಮಾನದಾಳಿಯ ಎಚ್ಚರಿಕೆ ಬಂದದ್ದು ಈ ಪೆಟ್ಟಿಗೆಯಿಂದ, ನಾಟಕ, ಕತೆ, ಕವಿತೆ ಬಂದದ್ದೂ ಇದರಿಂದಲೇ. ಅಧಿಕಾರದ ಲೆಕ್ಕಾಚಾರಕ್ಕೆ ಹಾಕಿದ ತಂತಿ ಭಾಷೆಗೆ ಒದಗಿತು. ಬೇರೆ ಬೇರೆ ಊರಿನ ಉಚ್ಚಾರ ಆಡುವವರೆಲ್ಲ ಒಂದೇ ಹದದ ಮಾಲ್ಟೀಸನ್ನು ದಿನಾ ಕೇಳಿದರು. ಮೊದಲ ಕೆಲವು ದಿನ ಓದುಗನಿಗೆ ಕೇಳಿಸೀತು ಎಂದು ಅಜ್ಜಿಯ ಮನೆಯಲ್ಲಿ ಪೆಟ್ಟಿಗೆಯ ಕೆಳಗೆ ಜಗಳವಾಡುತ್ತಿರಲಿಲ್ಲವಂತೆ! 1975ರಲ್ಲಿ ಪ್ರಸಾರ ಸರಕಾರದ ಕೈಗೆ ಹೋಯಿತು.

1964ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಹುಡುಗರಿಗೆ ದುನ್ ಕಾರ್ಮ್ ಅವರ ಪ್ರಾಸ, ಗಾಂಭೀರ್ಯ ಎರಡೂ ಭಾರವೆನಿಸಿದವು. 1967ರಲ್ಲಿ ಶುರುವಾದ ಸಾಹಿತ್ಯ ಜಾಗೃತಿಯ ಚಳವಳಿಯಲ್ಲಿ ಒಲಿವರ್ ಫ್ರಿಜ್ಜೆರಿ, ಮಾರಿಯೊ ಅಝ್ಝೋಪಾರ್ದಿ ಮುಂತಾದವರಿದ್ದರು. ಪತ್ರಿಕೆ ತೆಗೆದರು, ಕವಿತೆಯ ಸಂಜೆಗಳನ್ನು ನಡೆಸಿದರು. ಪ್ರಾಸವಿಲ್ಲದ್ದನ್ನು ಕವಿತೆಯೆಂದು ಜನ ಒಪ್ಪಬೇಕಾದರೆ ಕವಿಯೇ ಎದುರು ನಿಂತು ಅದರ ಲಯ ಕೇಳಿಸಬೇಕಿತ್ತು.

ಈಗ ಬೇಸಿಗೆಯ ಕೊನೆಗೆ ಸಾಹಿತ್ಯೋತ್ಸವ ನಡೆಯುತ್ತದೆ. ಇನಿಝ್ಯಮೆಡ್ ಎಂಬ ಸಂಸ್ಥೆ 2006ರಲ್ಲಿ ಆರಂಭಿಸಿದ್ದು. ವಲೆಟ್ಟಾದ ಸೇಂಟ್ ಎಲ್ಮೊ ಕೋಟೆಯಲ್ಲಿ ನಾನೂ ಕೇಳಿದೆ. ಕವಿಗಳು ತಮ್ಮ ತಮ್ಮ ಭಾಷೆಯಲ್ಲಿ ಓದುತ್ತಾರೆ, ಅನುವಾದ ಪರದೆಯ ಮೇಲೆ ಬರುತ್ತದೆ. ಅರಬ್ಬಿ ಕವಿಯೊಬ್ಬರು ಓದುವಾಗ ಪಕ್ಕದ ಕುರ್ಚಿಯಾಕೆ ಪರದೆ ನೋಡದೆ ಅಲ್ಲಲ್ಲಿ ತಲೆದೂಗುತ್ತಿದ್ದರು, ಪದಗಳು ಅವರಿಗೆ ಪರಿಚಿತವಾಗಿದ್ದವು. ಕಡಲ ಗಾಳಿ ಮೈಕಿಗೆ ಬಡಿಯುತ್ತಿದ್ದರೂ ಯಾರೂ ಅದಕ್ಕೊಂದು ಸ್ಪಂಜಿನ ಟೋಪಿ ಹಾಕಿರಲಿಲ್ಲ, ನನಗೆ ಎದ್ದು ಹೋಗಿ ಹೇಳಿಬಿಡೋಣ ಎನಿಸಿತು.

ನನ್ನೊಡನೆ ಬಂದಿದ್ದ ಕೆಳಮನೆಯ ಅಜ್ಜಿಗೆ ಇಂದಿನ ಕವಿಗಳು ಹಿಡಿಸಲಿಲ್ಲ. ತಲೆ ತಗ್ಗಿಸಿ ಕಾಗದಕ್ಕೇ ಓದಿಕೊಳ್ಳುತ್ತಾರೆ, ಕೊನೆಯ ಪದ ನುಂಗುತ್ತಾರೆ ಎಂಬುದು ಅವರ ತಕರಾರು. ಕವಿ ತನ್ನ ಕವಿತೆಯನ್ನು ನಟಿಸಬಾರದು ಎಂಬುದು ಈಗಿನ ಅಭಿರುಚಿ ಎಂದು ನಾನು ವಾದಿಸಿ ನೋಡಿದೆ. ನಟಿಸುವುದು ಬೇಡ, ಕೇಳಿಸಿದರೆ ಸಾಕು ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನನ್ನ ಮಟ್ಟಿಗೂ ಅವರದ್ದೇ ಸರಿ.