ಹನ್ನೊಂದಕ್ಕೆ ಮೆಟ್ರಿಕ್, ಹದಿನೆಂಟಕ್ಕೆ ಎಂ.ಎ.

ಪರವೂರಿನಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಮಕ್ಕಳ ಶಾಲೆಯ ಮಾತು ಬಂದೊಡನೆ ವಯಸ್ಸಿನ ಲೆಕ್ಕವೂ ಬರುತ್ತದೆ. ವರ್ಗಾವಣೆಯಿಂದ ಒಂದು ವರ್ಷ ಹೋಯಿತು, ಜಾಣ ಮಗುವನ್ನು ಒಂದು ತರಗತಿ ಮುಂದೆ ಕೂರಿಸಬಹುದೇ ಎಂಬ ಚಿಂತೆ. ಬೇಗ ಶಾಲೆ ಮುಗಿಸಿ ಕಾಲೇಜು ಸೇರಿದವರ ಕಥೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಸರ್ ಸಿ. ವಿ. ರಾಮನ್ ಹುಟ್ಟಿದ್ದು 1888ರಲ್ಲಿ, ತಿರುಚಿನಾಪಳ್ಳಿಯ ಬಳಿ. ತಂದೆ ಚಂದ್ರಶೇಖರ ಅಯ್ಯರ್ ಅವರಿಗೆ ವಿಶಾಖಪಟ್ಟಣದ ಎ.ವಿ.ಎನ್. ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ದೊರೆತದ್ದರಿಂದ 1892ರಲ್ಲಿ ಈ ತಮಿಳು ಸಂಸಾರ ತೆಲುಗು ನಾಡಿಗೆ ಬಂದಿತು. ಅವರೂ ನಮ್ಮಂತೆ ವಲಸೆಗಾರರೇ! ಬಾಲಕ ಹನ್ನೊಂದರಲ್ಲಿ ಮೆಟ್ರಿಕ್, ಹದಿಮೂರರಲ್ಲಿ ಎಫ್.ಎ. ಮುಗಿಸಿದ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೊಬ್ಬರು ಈ ಪುಟ್ಟ ಹುಡುಗನನ್ನು ಕಂಡು, ನೀನು ಬಿ.ಎ. ತರಗತಿಯವನೇ ಎಂದು ಕೇಳಿದರಂತೆ. 1904ರಲ್ಲಿ ಅವನು ಭೌತಶಾಸ್ತ್ರದಲ್ಲಿ ಚಿನ್ನದ ಪದಕದೊಡನೆ ಬಿ.ಎ., 1907ರಲ್ಲಿ ಎಂ.ಎ. ಪಡೆದ.

ಇದು ಕೇವಲ ಅವಸರದ ಫಲವಲ್ಲ. ಮನೆಯಲ್ಲಿ ತಂದೆಯ ಪುಸ್ತಕಗಳಿದ್ದವು. ಯೂಕ್ಲಿಡನ ರೇಖಾಗಣಿತ, ಹೆಲ್ಮ್‌ಹೋಲ್ಟ್ಸನ ಧ್ವನಿಶಾಸ್ತ್ರ ತಮ್ಮ ಮೇಲೆ ಪ್ರಭಾವ ಬೀರಿದವೆಂದು ರಾಮನ್ನರೇ ಹೇಳಿದ್ದಾರೆ. ಪ್ರೆಸಿಡೆನ್ಸಿಯಲ್ಲಿ ಪ್ರೊಫೆಸರ್ ಜೋನ್ಸ್ ಅವರು ಪ್ರಯೋಗಶಾಲೆಯಲ್ಲಿ ತನ್ನಿಚ್ಛೆಯಂತೆ ದುಡಿಯಲು ಬಿಟ್ಟರು. ಹೀಗಾಗಿ 1906ರಲ್ಲಿಯೇ ಹದಿನೆಂಟರ ವಿದ್ಯಾರ್ಥಿಯ ಲೇಖನ ಲಂಡನ್ನಿನ 'ಫಿಲಾಸಫಿಕಲ್ ಮ್ಯಾಗಜೀನ್'ನಲ್ಲಿ ಪ್ರಕಟವಾಯಿತು.

ಅದೇ ಮದರಾಸು ಪ್ರಾಂತದಲ್ಲಿ ರಾಮನ್‌ಗಿಂತ ಒಂದು ವರ್ಷಕ್ಕೆ ಹಿರಿಯರಾದ ಶ್ರೀನಿವಾಸ ರಾಮಾನುಜನ್ ಇದ್ದರು. ಮೆಟ್ರಿಕ್ ಮುಗಿಸಿ 1904ರಲ್ಲಿ ವಿದ್ಯಾರ್ಥಿವೇತನದೊಡನೆ ಕುಂಭಕೋಣದ ಕಾಲೇಜು ಸೇರಿದರು. ಗಣಿತದ ಹೊರತು ಬೇರೇನೂ ಬೇಡವಾಯಿತು. ಇಂಗ್ಲಿಷಿನಲ್ಲಿ ಸೋತು ವೇತನ ಕಳೆದುಕೊಂಡರು. 1907ರಲ್ಲಿಯೂ ಎಫ್.ಎ. ದಾಟಲಿಲ್ಲ. ರಾಮನ್ ಎಂ.ಎ. ಆದ ವರ್ಷವೇ ಅದು! ಎಳೆಯ ಬಾಲಕನಿಗೆ ಬಾಗಿಲು ತೆರೆದಿದ್ದ ಅದೇ ವ್ಯವಸ್ಥೆ, ಒಂದೇ ವಿಷಯದಲ್ಲಿ ಮುಳುಗಿದವನಿಗೆ ಬಾಗಿಲು ಮುಚ್ಚಿತು. ರಾಮಾನುಜನ್ 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ 30 ರೂಪಾಯಿಯ ಗುಮಾಸ್ತರಾದರು. ಅಲ್ಲಿನ ಮೇಲಧಿಕಾರಿಗಳು ಅವರ ಬೆಲೆ ಅರಿತು ನೆರವಾದದ್ದು, 1914ರಲ್ಲಿ ಅವರು ಕೇಂಬ್ರಿಜ್ ಸೇರಿದ್ದು ಎಲ್ಲರಿಗೂ ತಿಳಿದ ವಿಷಯ.

ರಾಮನ್ನರದೂ ಕಚೇರಿಯ ಬಾಳೇ. 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಮೊದಲಿಗರಾಗಿ ಕಲ್ಕತ್ತೆಗೆ ಹೋದರು. ರಂಗೂನ್, ನಾಗಪುರಗಳಿಗೂ ವರ್ಗವಾಯಿತು. ಕಲ್ಕತ್ತೆಯಲ್ಲಿದ್ದಾಗ ಬೆಳಿಗ್ಗೆ, ಸಂಜೆ ಬೌಬಜಾರಿನ ವಿಜ್ಞಾನ ಸಂಘದಲ್ಲಿ ಪ್ರಯೋಗ ನಡೆಸಿದರು. ಹತ್ತು ವರ್ಷ ಕಳೆದ ಮೇಲೆ, 1917ರಲ್ಲಿ, ಕಡಿಮೆ ಸಂಬಳಕ್ಕೆ ಒಪ್ಪಿ ಪ್ರಾಧ್ಯಾಪಕರಾದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 1933ರಲ್ಲಿ ಬೆಂಗಳೂರಿಗೆ ಬಂದು, 1970ರಲ್ಲಿ ಕೊನೆಯುಸಿರೆಳೆಯುವವರೆಗೂ ನಮ್ಮ ನಾಡಿನವರಾಗಿಯೇ ಉಳಿದರು.

ಬೇಗ ಮುಗಿಸಿದ ವರ್ಷಗಳಿಗಿಂತ, ಆ ವರ್ಷಗಳಲ್ಲಿ ಮಗುವಿಗೆ ಸಿಕ್ಕ ಪುಸ್ತಕ, ಬಿಡುವು, ಗುಣ ಗುರುತಿಸುವ ಹಿರಿಯರು ಮುಖ್ಯ. ಒಂದು ತರಗತಿ ಹಿಂದೆ ಬಿದ್ದ ಮಗುವಿಗೂ ಇವನ್ನು ಒದಗಿಸಬಹುದು. ಮುಂದೆ ಓಡುವ ಮಗುವಿಗಂತೂ ಇವಿಲ್ಲದೆ ಗತಿಯಿಲ್ಲ.