ಪಸ್ತಾಪುರದ ಬೀಜಬುಟ್ಟಿ



ಹೈದರಾಬಾದಿನಿಂದ ಬೀದರಿಗೆ ಹೋಗುವಾಗ ದಾರಿಯಲ್ಲಿ ಜಹೀರಾಬಾದ್ ಸಿಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದು ಬೀದರ ಜಿಲ್ಲೆಯಲ್ಲೇ ಇತ್ತೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆಮೇಲೆ ಮೆದಕ್, 2016ರಿಂದ ಸಂಗಾರೆಡ್ಡಿ ಜಿಲ್ಲೆ. ಗಡಿ ಬದಲಾದರೂ ಬದುಕು ಬದಲಾಗಲಿಲ್ಲ. ಮಳೆ ನಂಬಿದ ಹೊಲ, ಜೋಳ-ತೊಗರಿಯ ಬೇಸಾಯ, ರೊಟ್ಟಿಯ ಊಟ.

ಇಲ್ಲಿನ ಪಸ್ತಾಪುರವನ್ನು ನೆಲೆಯಾಗಿಸಿಕೊಂಡು ಬೆಳೆದದ್ದು 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದನ್ನು ಕಟ್ಟಿದವರಲ್ಲಿ ಪ್ರಮುಖರು ನಮ್ಮ ಮೈಸೂರಿನವರೇ ಆದ ಪಿ.ವಿ. ಸತೀಶ್. ದೂರದರ್ಶನದ ಕಾರ್ಯಕ್ರಮ ನಿರ್ಮಾಪಕರಾಗಿದ್ದ ಅವರು ಹಳ್ಳಿಯಲ್ಲೇ ಉಳಿದರು. ಊರೂರಲ್ಲಿ ಬಡ ಹೆಣ್ಣುಮಕ್ಕಳ, ಅದರಲ್ಲೂ ದಲಿತ ಮಹಿಳೆಯರ ಸಂಘಗಳು ಹುಟ್ಟಿದವು.

ಅವರ ಮುಂದಿದ್ದ ತೊಡಕು ಏನು? ಸರ್ಕಾರ ಹಂಚಿದ ಕಲ್ಲು ಜಮೀನು ಬೀಳು ಬಿದ್ದಿತ್ತು. ಎರಡು ರೂಪಾಯಿ ಅಕ್ಕಿ ಹಸಿವೆಯನ್ನೇನೋ ತಣಿಸಿತು, ಆದರೆ ಜೋಳ ಬೆಳೆಯುವ ಉಮೇದು ಕುಗ್ಗಿತು. 1990ರ ದಶಕದಲ್ಲಿ ಸಂಘಗಳು ಬೇರೆ ದಾರಿ ಹಿಡಿದವು. ಬೀಳು ಹಸನು ಮಾಡಲು ರೈತರಿಗೆ ಸಾಲ. ತೀರಿಸುವುದು ಹಣದಲ್ಲಲ್ಲ, ಜೋಳದಲ್ಲಿ. ಆ ಜೋಳ ಊರಿನ ಕಣಜ ಸೇರಿ, ಕಡು ಬಡವರಿಗೆ ಕಡಿಮೆ ಬೆಲೆಗೆ ಸಿಗುತ್ತಿತ್ತು. ಕಡು ಬಡವರು ಯಾರೆಂಬುದನ್ನೂ ಊರವರೇ ಕೂತು ತೀರ್ಮಾನಿಸಿದರು.

ಬೀಜದ ವ್ಯವಹಾರವೂ ಹಾಗೆಯೇ. ಬೂದಿ, ಬೇವಿನ ಸೊಪ್ಪು ಬೆರೆಸಿ ಬುಟ್ಟಿಯಲ್ಲಿಟ್ಟ ಬೀಜವನ್ನು ಒಯ್ದವರು ಸುಗ್ಗಿಯಲ್ಲಿ ಹೆಚ್ಚಿಗೆ ಅಳೆದು ಹಿಂತಿರುಗಿಸಬೇಕು. ಜೋಳದ ನಡುವೆ ತೊಗರಿ, ನವಣೆ, ಅಲಸಂದೆ, ಪುಂಡಿ. ನಾವು ಅಕ್ಕಡಿ ಎನ್ನುವ ಪದ್ಧತಿಯೇ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಸಂಕ್ರಾಂತಿಗೆ ಇದೇ ಬೀಜಗಳನ್ನು ಎತ್ತಿನ ಗಾಡಿಯಲ್ಲಿ ಸಿಂಗರಿಸಿ ಊರೂರು ಸುತ್ತುವ ಜಾತ್ರೆಯನ್ನೂ ಅವರು ಕಟ್ಟಿದರು.

ರೇಡಿಯೋ ಬಳಗದವರಾದ ನಿಮಗೆ ಇನ್ನೊಂದು ಸಂಗತಿ ಹಿಡಿಸೀತು. ಆಕಾಶವಾಣಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2006ರ ನೀತಿ ಸಂಘಸಂಸ್ಥೆಗಳಿಗೂ ಬಾಗಿಲು ತೆರೆಯಿತು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ‘ಸಂಘಂ ರೇಡಿಯೋ’ ಶುರುವಾಯಿತು. ಉದ್ಘಾಟಿಸಿದವರು ಆ ತೀರ್ಪು ಬರೆದವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಪಿ.ಬಿ. ಸಾವಂತ್. ಮೈಕಿನ ಮುಂದೆ ಕೂತವರು ಹೊಲದ ಹೆಣ್ಣುಮಕ್ಕಳು. ಮಾತು ಬಿತ್ತನೆ, ಬೀಜ, ಮನೆಮದ್ದು, ಹಾಡು.

2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಸತೀಶ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು.

ಹಾಗೆಂದು ಎಲ್ಲವೂ ಸುಸೂತ್ರವಲ್ಲ. ಇದೇ ಸೀಮೆಯಲ್ಲಿ ಹತ್ತಿ, ಕಬ್ಬಿನ ಸೆಳೆತವಿದೆ. ನ್ಯಾಲಕಲ್, ಝರಾಸಂಗಂ ಮಂಡಲಗಳಲ್ಲಿ ಸಾವಿರಾರು ಎಕರೆಯ ಕೈಗಾರಿಕಾ ವಲಯಕ್ಕೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಬೀಜ ಕೈಯಲ್ಲಿದ್ದರೂ ಬಿತ್ತಲು ನೆಲ ಬೇಕಲ್ಲ!

ನಗರದಲ್ಲಿ ಇಂದು ಸಿರಿಧಾನ್ಯ ದುಬಾರಿ ಪೊಟ್ಟಣದಲ್ಲಿ ಸಿಗುತ್ತದೆ. ಕೊಳ್ಳುವಾಗ ನೆನಪಿಡಿ: ಅದು ಬೆಲೆಯಿಲ್ಲದ ಧಾನ್ಯವಾಗಿದ್ದಾಗ ಕೈಬಿಡದೆ ಕಾಪಾಡಿದವರು ಯಾರ ಅಪ್ಪಣೆಗೂ ಕಾಯಲಿಲ್ಲ, ಒಬ್ಬರಿಗೊಬ್ಬರು ಹೆಗಲಾದರು. ರೈತರ ಸ್ವಾತಂತ್ರ್ಯ ಅಂದರೆ ಒಂಟಿತನ ಅಲ್ಲ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಇರುವ ಸಾಕ್ಷಿ ಇದು.