ಥ್ರಿಯೋನಿನ್ (ಎಳೆಯ ಸಾಕುಪ್ರಾಣಿಗಳ ಆಹಾರದಲ್ಲಿ)

ಹಂದಿಮರಿ, ಕೋಳಿಮರಿ ಮೊದಲಾದ ಎಳೆಯ ಸಾಕುಪ್ರಾಣಿಗಳ ಬೆಳವಣಿಗೆಗೂ ಕರುಳಿನ ರೋಗನಿರೋಧಕ ಶಕ್ತಿಗೂ ಬೇಕಾದ ಅವಶ್ಯಕ ಅಮೈನೊ ಆಮ್ಲ. ದೇಹದಲ್ಲಿ ತಯಾರಾಗದ ಕಾರಣ ಆಹಾರದಿಂದಲೇ ಒದಗಬೇಕು. 1930ರ ದಶಕದಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ವಿಲಿಯಂ ಕಮ್ಮಿಂಗ್ ರೋಸ್ ಇದನ್ನು ಗುರುತಿಸಿದರು. ಪ್ರೋಟೀನುಗಳಲ್ಲಿ ಸಾಮಾನ್ಯವಾಗಿರುವ 20 ಅಮೈನೊ ಆಮ್ಲಗಳ ಪೈಕಿ ಕೊನೆಗೆ ಪತ್ತೆಯಾದದ್ದು ಇದೇ. ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಯ ಕೋಳಿ ಆಹಾರದಲ್ಲಿ ಮೆಥಿಯೋನಿನ್, ಲೈಸಿನ್ ಎಂಬ ಅಮೈನೊ ಆಮ್ಲಗಳ ನಂತರ ಸಾಮಾನ್ಯವಾಗಿ ಕೊರತೆ ಬೀಳುವುದು ಥ್ರಿಯೋನಿನ್.

ಕರುಳಿನ ಒಳಗೋಡೆಯನ್ನು ಹೊದಿಸುವ ಲೋಳೆಯ ಮುಖ್ಯ ಪ್ರೋಟೀನಾದ ಮ್ಯೂಸಿನ್‌ನಲ್ಲಿ ಇದು ಹೇರಳ, ಪ್ರತಿಕಾಯಗಳಲ್ಲೂ ಗಣನೀಯ. ಹಂದಿಮರಿ ತಿಂದ ಥ್ರಿಯೋನಿನ್‌ನ ದೊಡ್ಡ ಪಾಲನ್ನು ಕರುಳೇ ಬಳಸಿಕೊಳ್ಳುತ್ತದೆ. ಉಳಿದದ್ದು ಮಾತ್ರ ರಕ್ತದ ಮೂಲಕ ಸ್ನಾಯುಗಳಿಗೆ ತಲುಪುತ್ತದೆ. ಕೊರತೆಯಾದರೆ ಮ್ಯೂಸಿನ್ ತಯಾರಿ ತಗ್ಗಿ, ಕರುಳಿನ ಒಳಗೋಡೆಯ ಬೆರಳಿನಾಕಾರದ ಚಾಚುಗಳಾದ ವಿಲ್ಲೈಗಳು ಕುಗ್ಗಿ, ರೋಗಾಣುಗಳಿಗೆ ಎಡೆಯಾಗುತ್ತದೆ. ಹಾಲು ಬಿಡಿಸುವ ಅವಧಿಯಲ್ಲಿ ಇದರ ಪರಿಣಾಮ ವಿಶೇಷವಾಗಿ ಗಂಭೀರ: ತಾಯಿಹಾಲಿನ ಪ್ರತಿಕಾಯಗಳು ಆಗ ನಿಂತಿರುತ್ತವೆ, ಮರಿಯ ಸ್ವಂತ ನಿರೋಧಶಕ್ತಿ ಇನ್ನೂ ಬಲಿತಿರುವುದಿಲ್ಲ, ಭೇದಿ ಹೆಚ್ಚಾಗಿ ಕಾಣುವುದೂ ಆಗಲೇ. ಸೋಂಕಿನಲ್ಲಿ ಮ್ಯೂಸಿನ್ ಮತ್ತು ಪ್ರತಿಕಾಯಗಳ ಅಗತ್ಯ ಏರುವುದರಿಂದ, ಬೆಳವಣಿಗೆಗೆ ಸಾಲುವ ಪ್ರಮಾಣ ರಕ್ಷಣೆಗೆ ಸಾಲದೆ ಹೋಗಬಹುದು. ಅತಿಯಾದರೂ ಅಮೈನೊ ಆಮ್ಲಗಳ ಸಮತೋಲ ಕೆಡುತ್ತದೆ. ಆದ್ದರಿಂದ ಪ್ರಮಾಣವನ್ನು ಲೈಸಿನ್‌ಗೆ ಅನುಪಾತವಾಗಿ ನಿಗದಿಪಡಿಸಲಾಗುತ್ತದೆ. ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಿಸಿದ ಎಲ್-ಥ್ರಿಯೋನಿನ್ ಅನ್ನು ಆಹಾರಕ್ಕೆ ಬೆರೆಸುವುದು ರೂಢಿ.